ಮಾನಿಟರ್ ನನ್ನ ಇಲಾಖೆಯಲ್ಲ

"ಹತ್ತೇ ನಿಮಿಷ! ನಿನ್ನ ಅರ್ಜಿ ಹೋಗಿ ಆಸ್ಪತ್ರೆಯವರ ಮೇಜಿನ ಮೇಲೆ ಕೂತಿರುತ್ತೆ. ಮೌಸ್ ಮುಟ್ಟಲ್ಲ, ಸ್ಕ್ರೀನ್ ನೋಡಲ್ಲ, ಒಬ್ಬರನ್ನೂ ಒಂದು ಮಾತು ಕೇಳಲ್ಲ!"

ಎದೆಯುಬ್ಬಿಸಿ ನಾನು ಹೀಗೆ ಸಾರಿದಾಗ ಬೆಳಗಿನ ಹತ್ತು ಗಂಟೆ. ಆ ಹತ್ತು ನಿಮಿಷ ಮುಗಿದದ್ದು ಸಂಜೆ ಐದಕ್ಕೆ ನಾಲ್ಕು ನಿಮಿಷ ಬಾಕಿ ಇದ್ದಾಗ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಮರುಕಕ್ಕಾಗಿ ಹೇಳುತ್ತಿಲ್ಲ. ಮುಂದೆ ನಡೆದದ್ದರಲ್ಲಿ ತಪ್ಪು ಕಣ್ಣಿನದಲ್ಲ, ಪೂರ್ತಿ ತಲೆಯದು ಎಂಬುದು ದಾಖಲಾಗಿರಲಿ ಎಂದು ಹೇಳುತ್ತಿದ್ದೇನೆ.

ನನ್ನ ಕಸುಬು ಪಾಠ ಹೇಳುವುದು. ನನ್ನಂತೆ ಕಣ್ಣು ಕಾಣದವರಿಗೆ ವಾರಕ್ಕೆ ಮೂರು ಸಂಜೆ, ಫೋನಿನಲ್ಲಿ, ಮೌಸ್ ಇಲ್ಲದೆ ಕಂಪ್ಯೂಟರ್ ಓಡಿಸುವುದು ಹೇಗೆ ಎಂದು ಕಲಿಸುತ್ತೇನೆ. ಯಾವ ಕೀಲಿ ಒತ್ತಿದರೆ ಪತ್ರ ತೆರೆಯುತ್ತದೆ, ಯಾವ ಎರಡು ಕೀಲಿ ಸೇರಿದರೆ ಹೊತ್ತು ಎಷ್ಟೆಂದು ಹೇಳುತ್ತದೆ, ಯಾವ ಮೂರು ಒತ್ತಿದರೆ ಪುಟದ ತುದಿಗೆ ಹಾರಬಹುದು, ಇಂಥವು. ಮೂವತ್ತೊಂದು ಜನ ಶಿಷ್ಯರು. ಇಂಥ ಇನ್ನೂರಕ್ಕೂ ಹೆಚ್ಚು ಕಿರುದಾರಿಗಳು, ಅಂದರೆ ಶಾರ್ಟ್‌ಕಟ್ಟುಗಳು, ನನ್ನ ಬೆರಳ ತುದಿಯಲ್ಲಿವೆ. ಹಾಗೆಂದು ನಾನೇ ಆಗಾಗ ಶಿಷ್ಯರಿಗೆ ನೆನಪಿಸುತ್ತಿರುತ್ತೇನೆ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳದಿದ್ದರೆ ಇನ್ಯಾರು ತಟ್ಟಬೇಕು?

ನನ್ನ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಇದೆ. ಸ್ಕ್ರೀನಿನ ಮೇಲೆ ಏನು ಮೂಡಿದರೂ ಗಟ್ಟಿಯಾಗಿ ಓದಿ ಹೇಳುವುದು ಅದರ ಕೆಲಸ. ಹೆಣ್ಣು ದನಿ. ನಾನು ಅವಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದೇನೆ. ನನ್ನ ಹೆಂಡತಿ ಇಟ್ಟಿರುವ ಹೆಸರು ಸವತಿ. ಮಲ್ಲಿಯ ವೇಗವನ್ನು ಮೂರು ಪಟ್ಟು ಏರಿಸಿಕೊಂಡಿದ್ದೇನೆ. ಅರಳು ಹುರಿದಂತೆ ಮಾತಾಡುತ್ತಾಳೆ. ಬೇರೆಯವರ ಕಿವಿಗೆ ಅದು ಡಬ್ಬದಲ್ಲಿ ಗುಂಡಿ ಹಾಕಿ ಅಲ್ಲಾಡಿಸಿದಂತೆ ಕೇಳುತ್ತದಂತೆ. ಅದನ್ನೂ ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಇನ್ನು ಹಿಂದಿನ ಸಂಜೆಯ ಪಾಠದ ಬಗ್ಗೆ ಒಂದು ಮಾತು. ಅದು ಬಹಳ ಕಳೆಗಟ್ಟಿತ್ತು. ಬೆನ್ನ ಹಿಂದೆ ನಿಂತು ನಮ್ಮ ಪತ್ರಗಳನ್ನು ಓದುವ ಮನೆಮಂದಿಯ ವಿರುದ್ಧ ಶಿಷ್ಯರಿಗೆ ಒಂದು ಮದ್ದು ಕಲಿಸಿದ್ದೆ. ಮೂರು ಕೀಲಿಗಳು. "ಎಲ್ಲರೂ ನನ್ನ ಜೊತೆಗೇ ಒತ್ತಿ! ಗಟ್ಟಿಯಾಗಿ ನಿಲ್ಲಬೇಕಂದ್ರೆ ಎರಡು ಸಲ ಒತ್ತಿ!" ಎಂದು ನಾನೂ ಒತ್ತಿ, ಮೂವತ್ತೊಂದು ಜನರ ಕೈಯಲ್ಲೂ ಒತ್ತಿಸಿದ್ದೆ. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು, ಕೊರಿಯರಿನವನು ಬಂದಿದ್ದ, "ಇವತ್ತಿಗೆ ಇಷ್ಟು" ಎಂದು ಪಾಠ ಮುಗಿಸಿದೆ. ಇದು ನಿಮಗೆ ನೆನಪಿರಲಿ. ನನಗೆ ನೆನಪಿರಲಿಲ್ಲ, ಅದರಿಂದಲೇ ಇಷ್ಟೆಲ್ಲ ಆದದ್ದು.

ಈಗ ಅರ್ಜಿಯ ವಿಷಯ. ನನ್ನಾಕೆ ನರ್ಸ್. ಹದಿನೇಳು ವರ್ಷದ ಸೇವೆ. ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಹುದ್ದೆ ಖಾಲಿಯಾಗಿತ್ತು, ಅರ್ಜಿ ಕಳಿಸಲು ಅವತ್ತೇ ಕಡೆಯ ದಿನ, ಸಂಜೆ ಐದರೊಳಗೆ. ಐದಾಗಿ ಒಂದು ನಿಮಿಷವಾದರೂ ಆ ಪುಟ ಬಾಗಿಲು ಹಾಕಿಕೊಳ್ಳುತ್ತದೆ. ಮೊಬೈಲಿನಲ್ಲಿ ಪುಟ ತೆರೆಯುವುದೇ ಇಲ್ಲ. ನಾಲ್ಕು ವರ್ಷದ ಹಿಂದೆ ಇದೇ ಹುದ್ದೆಗೆ ಕಾಗದದ ಅರ್ಜಿ ಕರೆದಿದ್ದರು. ಅದನ್ನು ಅಂಚೆಗೆ ಹಾಕುವ ಹೊಣೆ ಹೊತ್ತಿದ್ದವನು ನಾನು. ಲಕೋಟೆ ನನ್ನ ಚೀಲದ ಪಕ್ಕದ ಜೇಬಿನಲ್ಲಿ ಮೂರು ವಾರ ಬೆಚ್ಚಗೆ ಕೂತಿತ್ತು. ಹುದ್ದೆ ಅವಳಿಗಿಂತ ಐದು ವರ್ಷ ಚಿಕ್ಕವಳೊಬ್ಬಳಿಗೆ ಹೋಯಿತು. ನನ್ನಾಕೆ ಅವತ್ತು ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹಾಗಾಗಿ ಈ ಸಲ ಅವಳದು ಒಂದೇ ಷರತ್ತು.

"ನೀವು ತುಂಬಿಸಿ, ಬೇಡ ಅನ್ನಲ್ಲ. ಆದ್ರೆ ನಾನು ಕಣ್ಣಾರೆ ನೋಡದೆ ಅದು ಹೋಗಕೂಡದು."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇದೆ. ಲಕೋಟೆನೂ ನಂಬಿಕೆಯಿಂದಲೇ ಕೊಟ್ಟಿದ್ದೆ."

ನಾನು ಕಂಪ್ಯೂಟರ್ ಮುಂದೆ ಕೂತೆ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಗುಂಡಿ ಒತ್ತಿದೆ. ಮಲ್ಲಿ ಎಂದಿನಂತೆ ನಮಸ್ಕಾರ ಹೇಳಿ ಚಟಪಟ ಶುರು ಮಾಡಿದಳು.

"ಮೊದ್ಲು ಸ್ಕ್ರೀನ್ ಹಾಕ್ರಿ" ಎಂದಳು ಹೆಂಡತಿ.

"ಹಾಕಿದೆ."

"ಕಪ್ಪಗಿದೆ."

"ಧೂಳಿರ್ಬೇಕು, ಒರೆಸು."

"ಧೂಳು ಕಪ್ಪಗಿರುತ್ತಾ? ಬರೀ ಕಪ್ಪು ರೀ! ಇದ್ದಿಲಿನ ಹಾಗೆ!"

"ನೋಡು, ಕಂಪ್ಯೂಟರ್ ಮಾತಾಡ್ತಿದೆ, ಪುಟ ತೆರೆದಿದೆ, ಎಲ್ಲ ಸರಿಯಾಗಿದೆ. ನಿನ್ನ ಕಣ್ಣೇ ಸ್ವಲ್ಪ ಪರೀಕ್ಷೆ ಮಾಡಿಸ್ಕೊ."

ಹುಟ್ಟು ಕುರುಡನೊಬ್ಬ ಕಣ್ಣು ಕಾಣುವವಳಿಗೆ ಹೇಳಿದ ಈ ಮಾತನ್ನು ಅವಳು ಇವತ್ತಿಗೂ ನೆಂಟರಿಷ್ಟರ ಮುಂದೆ ಎತ್ತಿ ಆಡುತ್ತಾಳೆ.

ಮಾನಿಟರಿಗೂ ನನಗೂ ಎಂದೂ ಮಾತುಕತೆ ಇಲ್ಲ. ಅದು ಮೇಜಿನ ಮೇಲೆ ನಿಂತಿರುವ ಒಂದು ಹಲಗೆ. ಒಳ್ಳೆಯ ಬಿಸಿಲಿದ್ದ ದಿನ ಅದರ ಮೇಲೆ ಕರವಸ್ತ್ರ ಒಣಹಾಕುತ್ತೇನೆ. ಅದು ಬೆಳಗುತ್ತಿದೆಯೇ ಆರಿದೆಯೇ ಎಂಬುದು ನನಗೆ ಪಕ್ಕದ ಮನೆಯವರ ಸಂಸಾರದ ವಿಷಯವಿದ್ದ ಹಾಗೆ. "ಮಾನಿಟರ್ ನನ್ನ ಇಲಾಖೆಯಲ್ಲ" ಎಂದು ಗಂಭೀರವಾಗಿ ಹೇಳಿದೆ.

"ಹಾಗಾದ್ರೆ ಯಾರ ಇಲಾಖೆ? ಅದನ್ನಾದ್ರೂ ಹೇಳಿ, ಅವರನ್ನೇ ಕರೀತೀನಿ!"

ಆರಿಸಿ ಹಚ್ಚಿದರೆ ಸರಿಹೋಗುತ್ತದೆ ಎಂದೆ. ಲೋಕದ ಅರ್ಧ ರೋಗಗಳಿಗೆ ಅದೇ ಔಷಧಿ. ಆರಿಸಿದೆ, ಹಚ್ಚಿದೆ.

"ಬಂತು! ಬಂತು! ಬೆಳಕು ಬಂತು! ಗುರುತಿನ ಚಿತ್ರ ಕಾಣ್ತಿದೆ, ನಿಮ್ಮ ಹೆಸರು ಕಾಣ್ತಿದೆ..."

"ನೋಡಿದ್ಯಾ! ಸುಮ್ನೆ ಗಾಬರಿ ಬೀಳ್ತೀಯ."

ಮಲ್ಲಿ ಬಾಯಿ ತೆರೆದು ನಮಸ್ಕಾರ ಎಂದಳು.

"ಹೋಯ್ತು" ಎಂದಳು ಹೆಂಡತಿ.

ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಬಂತು ಎಂದಳು. ಮಲ್ಲಿ ನಮಸ್ಕಾರ ಎಂದಳು. ಹೋಯ್ತು ಎಂದಳು. ಮೂರನೆಯ ಸಲವೂ ಅಷ್ಟೇ. ಇಬ್ಬರು ಹೆಂಗಸರು ಒಬ್ಬರಾದ ಮೇಲೊಬ್ಬರು ಅದೇ ಮಾತು ಹೇಳುತ್ತಿದ್ದರೆ ನನಗೆ ತಲೆಬುಡ ತಿಳಿಯಲಿಲ್ಲ.

"ರೀ, ಒಂದು ವಿಷಯ ಗಮನಿಸಿದ್ರಾ? ಆ ಸವತಿ ಬಾಯಿ ತೆಗೆದ ತಕ್ಷಣ ಸ್ಕ್ರೀನ್ ಕಪ್ಪಾಗುತ್ತೆ."

"ಸುಮ್ಮಸುಮ್ಮನೆ ಅವಳ ಮೇಲೆ ಗೂಬೆ ಕೂರಿಸ್ಬೇಡ! ಅವಳದು ಬಾಯಿ ಕೆಲಸ. ಬೆಳಕಿಗೂ ಅವಳಿಗೂ ಏನು ಸಂಬಂಧ?"

ಇಡೀ ಗಂಟಿನ ತುದಿಯನ್ನು ಅವಳು ನನ್ನ ಕೈಗೇ ಕೊಟ್ಟಿದ್ದಳು. ನಾನು ಅದನ್ನು ಅವಳ ಹೊಟ್ಟೆಕಿಚ್ಚೆಂದು ತಿಳಿದು ಪಕ್ಕಕ್ಕಿಟ್ಟೆ.

ಈ ನಡುವೆ ನನ್ನ ಫೋನ್ ಬೇರೆ. ಬೆಳಗ್ಗೆಯಿಂದ ಶಿಷ್ಯರ ಕರೆಗಳು. ಒಬ್ಬರದು ಕತ್ತರಿಸಿದರೆ ಇನ್ನೊಬ್ಬರದು. ಪಾಠವಿಲ್ಲದ ದಿನ ಸಂಶಯ ಕೇಳಬಾರದೆಂಬ ನಿಯಮ ಮಾಡಿದ್ದೇನೆ. ಶಿಸ್ತು ಇಲ್ಲದೆ ವಿದ್ಯೆ ಇಲ್ಲ. "ನಾಳೆ, ನಾಳೆ" ಎಂದು ಮೂರು ಜನರಿಗೆ ಹೇಳಿ, ಉಳಿದವರ ಕರೆ ಎತ್ತದೆ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಅದು ಅಲ್ಲಿಂದಲೇ ಗುರುಗುಟ್ಟುತ್ತಿತ್ತು.

ಹನ್ನೆರಡಕ್ಕೆ ರಿಪೇರಿಯವನು ಬಂದ. ನಮ್ಮ ಬೀದಿಯಲ್ಲಿ ಅವನಿಗೆ "ಬದಲಾಯಿಸಿ" ಎಂದೇ ಅಡ್ಡಹೆಸರು. ಯಾವ ಯಂತ್ರ ತೋರಿಸಿದರೂ ಅದರ ಮೇಲೆ ಕೈಯಿಡುವ ಮೊದಲೇ "ಬದಲಾಯಿಸ್ಬೇಕು ಸಾರ್" ಎನ್ನುವುದು ಅವನ ಪದ್ಧತಿ.

"ಮೌಸ್ ಎಲ್ಲಿ ಸಾರ್?"

"ನಮ್ಮನೇಲಿ ಮೌಸ್ ಇಲ್ಲ. ಎಷ್ಟೋ ವರ್ಷದ ಹಿಂದೇನೇ ದಾನ ಮಾಡ್ಬಿಟ್ಟೆ."

"ಸ್ಕ್ರೀನೂ ಇಲ್ಲ, ಮೌಸೂ ಇಲ್ಲ... ಮತ್ತೆ ಇದರಲ್ಲಿ ಇರೋದೇನು?"

"ನಾನಿದೀನಿ!" ಎಂದೆ. ಹೇಳುವಾಗ ಬಹಳ ಚೆನ್ನಾಗಿ ಕೇಳಿಸಿತು.

ಅವನು ತಂತಿ ಬದಲಾಯಿಸಿದ. ಕಪ್ಪು. ತಂತಿ ಚುಚ್ಚುವ ಜಾಗ ಬದಲಾಯಿಸಿದ. ಕಪ್ಪು. ಮಾನಿಟರಿನ ಬೆನ್ನಿಗೆ ಎರಡು ಗುದ್ದು ಕೊಟ್ಟ. ಅದಕ್ಕೂ ಕಪ್ಪು. ಕೊನೆಗೆ ನಾಡಿ ನೋಡಿ ಕೈಬಿಟ್ಟ ಡಾಕ್ಟರನ ದನಿಯಲ್ಲಿ, "ಮಾನಿಟರ್ ಹೋಗಿದೆ ಸಾರ್. ಅಂಗಡಿಯಲ್ಲಿ ಬೇರೆ ಇದೆ, ಊಟ ಮಾಡಿ ತರ್ತೀನಿ" ಎಂದ. ಹಳೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಬೇಗ ಬಾರಪ್ಪ, ಐದಕ್ಕೆ ಮುಗಿಯುತ್ತೆ" ಎಂದು ನನ್ನಾಕೆ ಮೆಟ್ಟಿಲವರೆಗೆ ಅವನ ಹಿಂದೆ ಹೋಗಿ ಮೂರು ಸಲ ಹೇಳಿದಳು. ಅವಳ ದನಿ ಅಷ್ಟು ತಗ್ಗಿದ್ದು ನಾನು ಕೇಳಿರಲಿಲ್ಲ.

ನನಗೆ ಕೆಟ್ಟದೆನಿಸಿತು. ಅವಳು ಬಟ್ಟೆ ಮಡಿಸಲು ಒಳಗೆ ಹೋದಾಗ ನಾನು ಒಂದು ಉಪಕಾರ ಮಾಡಲು ನಿಶ್ಚಯಿಸಿದೆ. ಮಾನಿಟರ್ ಇಲ್ಲದ ಮೇಜಿನ ಮುಂದೆ ಕೂತು ಅರ್ಜಿಯನ್ನು ಪೂರ್ತಿ ತುಂಬಿಸಿಡುವುದು! ಹೊಸ ಮಾನಿಟರ್ ಬಂದ ಕೂಡಲೇ ಅವಳು ಒಮ್ಮೆ ನೋಡಿ, ಕಳಿಸು ಎಂದರೆ ಸಾಕು. ನನ್ನ ಹತ್ತಿರ ಇದಕ್ಕೊಂದು ಸಲಕರಣೆಯೂ ಇತ್ತು. ಚುಟುಕು ಎಂದು ಕರೆಯುತ್ತೇನೆ. ಎರಡಕ್ಷರ ಒತ್ತಿದರೆ ಸಾಕು, ಮೊದಲೇ ಬರೆದಿಟ್ಟ ಇಡೀ ಸಾಲು ತಾನೇ ಬಂದು ಕೂರುತ್ತದೆ. ವಿಳಾಸಕ್ಕೆ ಎರಡಕ್ಷರ, ವಿದ್ಯೆಗೆ ಎರಡಕ್ಷರ, ಅನುಭವಕ್ಕೆ ಎರಡಕ್ಷರ. ಮಲ್ಲಿ ಮೂರು ಪಟ್ಟು ವೇಗದಲ್ಲಿ ಓದುತ್ತ ಹೋದಳು, ನಾನು ಮೂರು ಪಟ್ಟು ವೇಗದಲ್ಲಿ ತುಂಬಿಸುತ್ತ ಹೋದೆ. ಇಡೀ ಅರ್ಜಿ ಆರು ನಿಮಿಷದಲ್ಲಿ ಮುಗಿಯಿತು. ಉಳಿಸುವ ಗುಂಡಿ ಒತ್ತಿಟ್ಟೆ.

"ಎಲ್ಲ ತುಂಬಿಸಿಟ್ಟಿದೀನಿ, ಹಾಗೇ ಕಳಿಸ್ಬಿಡ್ಲಾ?" ಎಂದು ಕೂಗಿದೆ.

"ಬೇಡ!"

"ಸರಿಯಾಗಿದೆ ಕಣೆ, ನಾನೇ ಕೇಳಿಸ್ಕೊಂಡೆ!"

"ನೀವು ಕೇಳಿಸ್ಕೊಂಡಿದ್ದು ನನಗೆ ಕಾಣ್ಬೇಕು. ಬೇಡ ಅಂದ್ರೆ ಬೇಡ."

ಇಂಥ ಹಠಮಾರಿಯನ್ನು ಕಟ್ಟಿಕೊಂಡೆನಲ್ಲ ಎಂದು ಗೊಣಗಿಕೊಂಡೆ. ಗಡಿಯಾರ ಎರಡು ಹೊಡೆಯಿತು, ಎರಡೂವರೆ ಹೊಡೆಯಿತು. ಬದಲಾಯಿಸಿಯ ಊಟ ಮುಗಿಯಲಿಲ್ಲ.

ಅವನು ಬಂದದ್ದು ಮೂರೂಕಾಲಿಗೆ. ಜೊತೆಗೆ ವಾಪಸು ತಂದಿದ್ದ ಹಳೆಯದನ್ನು ಪಕ್ಕಕ್ಕಿಟ್ಟು, ಹೊಸ ಮಾನಿಟರ್ ಮೇಜಿನ ಮೇಲೆ ನಿಲ್ಲಿಸಿ, ತಂತಿ ಚುಚ್ಚಿ, ಕಂಪ್ಯೂಟರನ್ನು ಆರಿಸಿ ಹಚ್ಚಿದ.

"ಬಂತು!" ಎಂದರು ಇಬ್ಬರೂ.

ಮಲ್ಲಿ ನಮಸ್ಕಾರ ಎಂದಳು.

"ಹೋಯ್ತು!" ಎಂದರು ಇಬ್ಬರೂ.

ಬದಲಾಯಿಸಿ ತಲೆ ಕೆರೆದುಕೊಳ್ಳುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೊಸ ಮಾನಿಟರನ್ನು ಬಿಚ್ಚಿ ಹಳೆಯದನ್ನು ಹಾಕಿದ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದ. ಯಾವುದು ಹಳೆಯದು ಯಾವುದು ಹೊಸದು ಎಂಬುದರಲ್ಲೇ ಅವನಿಗೂ ನನ್ನಾಕೆಗೂ ಒಂದು ಸುತ್ತು ವಾದವಾಯಿತು. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಊದಿದ. ನನ್ನ ಮೂಗಿಗೆ ಐದು ವರ್ಷದ ಧೂಳು ಬಂತು.

"ಸಾರ್, ಈಯಮ್ಮ ಸ್ವಲ್ಪ ಬಾಯಿ ಮುಚ್ಚಿದ್ರೆ ನನಗೆ ಯೋಚನೆ ಓಡುತ್ತೆ" ಎಂದ.

ನನ್ನಾಕೆ ಬಾಯಿ ತೆಗೆದೇ ಇರಲಿಲ್ಲ. ಅವನು ಹೇಳಿದ್ದು ಮಲ್ಲಿಗೆ! ನಾನು ಬೇಡ ಎನ್ನುವಷ್ಟರಲ್ಲಿ ಸ್ಪೀಕರಿನ ತಂತಿಯನ್ನು ಎಳೆದೇಬಿಟ್ಟ. ಎಳೆದ ರಭಸಕ್ಕೆ ಅದರ ತುದಿ ಮುರಿದು ಒಳಗೇ ಉಳಿಯಿತು.

ಈಗ ಪರಿಸ್ಥಿತಿ ನೋಡಿ. ಅವರಿಗೆ ಕಾಣದು, ನನಗೆ ಕೇಳದು. ಕಂಪ್ಯೂಟರ್ ಮಾತ್ರ ಒಳಗೆ ಹಾಯಾಗಿ ಗುಂಯ್ ಎನ್ನುತ್ತಿದೆ. ಮೂವರೂ ಅದರ ಮುಂದೆ ಕೈಕಟ್ಟಿ ನಿಂತಿದ್ದೇವೆ. ಇನ್ನೂರು ಕಿರುದಾರಿಗಳ ಒಡೆಯನಾದ ನನಗೆ ಯಾವ ಕೀಲಿ ಒತ್ತಿದರೆ ಏನಾಗುತ್ತಿದೆ ಎಂದು ತಿಳಿಯುವ ಒಂದು ದಾರಿಯೂ ಉಳಿದಿರಲಿಲ್ಲ. ಕಣ್ಣು ಕಾಣುವುದಿಲ್ಲವೆಂದು ನಾನು ಎಂದೂ ಕಂಗಾಲಾದವನಲ್ಲ. ಅವತ್ತು ಕಿವಿ ಹೋದಾಗ ನಿಜವಾಗಿ ಹೆದರಿದೆ.

"ಒಳಗಿನ ಕಾರ್ಡು ಹೋಗಿದೆ" ಎಂದ ಬದಲಾಯಿಸಿ. "ಪೆಟ್ಟಿಗೆ ಅಂಗಡಿಗೆ ತಗೊಂಡು ಹೋಗ್ಬೇಕು. ಎರಡು ದಿನ."

"ಎರಡು ದಿನ!" ಎಂದಳು ನನ್ನಾಕೆ. "ಇರೋದು ಇನ್ನು ಅರ್ಧ ಗಂಟೆ!"

ನಾಲ್ಕೂವರೆ. ಆಸ್ಪತ್ರೆಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ಮಾಡೋಣವೆಂದರೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನನ್ನಾಕೆ ಮಂಚದ ಮೇಲೆ ಕೂತಳು. ಆಮೇಲೆ ಬಹಳ ಮೆತ್ತಗೆ, "ಹೋಗ್ಲಿ ಬಿಡಿ. ನನ್ನ ಹಣೇಲಿ ಬರೆದಿಲ್ಲ" ಎಂದಳು.

ಹಣೆಯಲ್ಲಿ ಬರೆಯದೆ ಇದ್ದದ್ದಲ್ಲ, ಎರಡು ಸಲವೂ ನಾನು ಅಡ್ಡ ಬಂದದ್ದು. ಬೆಳಗ್ಗೆ ಅವಳು ಆಸ್ಪತ್ರೆಗೆ ಹೋಗಿ ತುಂಬಿಸುತ್ತೇನೆ ಎಂದಿದ್ದಳು. ಹತ್ತೇ ನಿಮಿಷ ಎಂದು ಕೊಚ್ಚಿಕೊಂಡು ಅವಳನ್ನು ನಿಲ್ಲಿಸಿದವನು ನಾನು.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ದಿಂಬಿನ ಕೆಳಗಿನ ಫೋನ್ ಮತ್ತೆ ಗುರುಗುಟ್ಟಿತು. ಇದ್ದ ಸಿಟ್ಟನ್ನೆಲ್ಲ ಅದರ ಮೇಲೆ ಕಕ್ಕೋಣವೆಂದು ಎತ್ತಿದೆ. ನನ್ನ ಶಿಷ್ಯರಲ್ಲೇ ಹಿರಿಯರು, ತಂತಿ ಕಚೇರಿಯಿಂದ ನಿವೃತ್ತರಾದವರು, ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ತಂತಿ ಮಾಸ್ತರರು ಎನ್ನುತ್ತೇವೆ. ಹಿಂದೆ ಯಾರೋ ಹೆಂಗಸು ಕೂಗಾಡುವುದು ಕೇಳುತ್ತಿತ್ತು.

"ಗುರುಗಳೇ, ಹನ್ನೊಂದನೇ ಸಲ ಮಾಡ್ತಿದೀನಿ, ದಯವಿಟ್ಟು ಇಡ್ಬೇಡಿ. ನಿನ್ನೆ ಸಾಯಂಕಾಲದಿಂದ ನಮ್ಮನೆ ಸ್ಕ್ರೀನು ಕಪ್ಪಾಗಿದೆಯಂತೆ. ನನಗೇನೂ ವ್ಯತ್ಯಾಸ ಇಲ್ಲ, ಎಲ್ಲ ಸರಿಯಾಗಿ ಮಾತಾಡ್ತಿದೆ. ಸೊಸೆ ಮಾತ್ರ ಮನೆ ತಲೆ ಮೇಲೆ ಹೊತ್ಕೊಂಡಿದಾಳೆ."

ನನ್ನೊಳಗಿನ ಗುರು ತಟ್ಟನೆ ಎದ್ದು ಕೂತ. ಗಂಟಲು ಸರಿಮಾಡಿಕೊಂಡು ಪಾಠದ ದನಿಯಲ್ಲಿ ಶುರು ಮಾಡಿದೆ.

"ಅಯ್ಯೋ ಮಾಸ್ತರೇ, ಇಷ್ಟೂ ತಿಳಿಯಲ್ವಾ? ಅದು ನಿನ್ನೆ ಕಲಿಸಿದ ಮುಸುಕು! ಸ್ಕ್ರೀನಿಗೆ ಮುಸುಕು ಹಾಕಿದ್ರೆ ನಮಗೆ ಕೇಳುತ್ತೆ, ಹಿಂದೆ ನಿಂತು ಇಣುಕೋರಿಗೆ ಕಾಣಲ್ಲ. ನೀವು ಎರಡು ಸಲ ಒತ್ತಿದೀರಿ, ಹಾಗಾಗಿ ಆರಿಸಿ ಹಚ್ಚಿದ್ರೂ ಅದು ಹೋಗಲ್ಲ. ಸ್ಕ್ರೀನ್ ರೀಡರ್ ಶುರುವಾದ ತಕ್ಷಣ ಮತ್ತೆ ಮುಚ್ಕೊಳ್ಳುತ್ತೆ. ಇನ್ಸರ್ಟ್, ಕಂಟ್ರೋಲ್, ಎಸ್ಕೇಪ್, ಮೂರೂ ಒಟ್ಟಿಗೆ ಒಂದೇ ಒಂದು ಸಲ ಒತ್ತಿ, ಮುಸುಕು ಹೋಗುತ್ತೆ. ಹಾಕಿದ್ದನ್ನ ತೆಗೆಯೋದೇ ಮರೆತ್ರೆ ಪಾಪ ಮನೆಯವರ ಗತಿ ಏನು ಹೇಳಿ! ಸ್ವಲ್ಪ ತಲೆ ಓಡಿಸ್ಬೇಕಪ್ಪ!"

"ತೆಗೆಯೋದು ಹೇಗೆ ಅಂತ ನೀವು ಹೇಳ್ಲೇ ಇಲ್ಲ ಗುರುಗಳೇ. ಬಾಗಿಲ ಗಂಟೆ ಆಯ್ತು ಅಂತ ಪಾಠ ಮುಗಿಸಿಬಿಟ್ರಿ."

"ಹೇಳಿಲ್ವಾ?"

"ಇಲ್ಲ. ಎಲ್ಲರ ಮನೇಲೂ ಇದೇ ಗಲಾಟೆಯಂತೆ. ಅದಿರಲಿ ಗುರುಗಳೇ, ನೀವೂ ನಮ್ಮ ಜೊತೆ ಒತ್ತಿದ್ರಲ್ಲ, ನಿಮ್ಮದು ಸರಿ ಇದೆಯಾ?"

ಕೋಣೆಯಲ್ಲಿ ಬದಲಾಯಿಸಿಯ ಸ್ಕ್ರೂಡ್ರೈವರಿನ ಸದ್ದು ನಿಂತಿತ್ತು. ಫ್ಯಾನು ತಿರುಗುವುದೂ ನಿಂತಂತೆನಿಸಿತು. ಮಂಚದ ಕಡೆಯಿಂದ ಅವಳು ಏಳುವ ಸದ್ದು. ದೀಪದ ಬುಡ ಕತ್ತಲು ಎನ್ನುತ್ತಾರೆ. ನಾನು ಮೂವತ್ತೊಂದು ಮನೆಗಳಿಗೆ ಒಂದೇ ಸಲಕ್ಕೆ ಕತ್ತಲು ಹಂಚಿ, ಮೂವತ್ತೆರಡನೆಯದನ್ನು ನನ್ನ ಮನೆಗೇ ಇಟ್ಟುಕೊಂಡಿದ್ದೆ!

"ಫೋನ್ ಇಡಿ" ಎಂದಳು ಹೆಂಡತಿ.

ಇಟ್ಟೆ.

"ಅದೇನೋ ಮೂರು ಕೀಲಿ ಅಂದ್ರಲ್ಲ, ಒತ್ತಿ."

ಒತ್ತಿದೆ. ಮಲ್ಲಿಯ ದನಿಯಿಲ್ಲದ ಕಾರಣ ಏನಾಯಿತೋ ನನಗೆ ತಿಳಿಯಲಿಲ್ಲ. ಅವಳ ಕಡೆ ಕಿವಿಗೊಟ್ಟು ಕಾದೆ.

"ಬಂತು" ಎಂದಳು.

"ಹಂಗಾದ್ರೆ ಯಾವುದೂ ಕೆಟ್ಟೇ ಇರ್ಲಿಲ್ವಾ ಸಾರ್?" ಎಂದ ಬದಲಾಯಿಸಿ. ಅವನ ದನಿಯಲ್ಲಿ ದೊಡ್ಡ ನೋವಿತ್ತು. "ನಾನು ಕಾರ್ಡು ಅಂತಿದೀನಿ, ಕೇಬಲ್ಲು ಅಂತಿದೀನಿ..."

"ಒಂದು ಕೆಟ್ಟಿತ್ತಪ್ಪ, ಅದನ್ನ ಬದಲಾಯಿಸೋಕಾಗಲ್ಲ. ಕಟ್ಕೊಂಡಾಗಿದೆ" ಎಂದಳು ನನ್ನಾಕೆ. ಗಂಟೆ ನಾಲ್ಕು ನಲವತ್ತು.

ಉಳಿಸಿಟ್ಟಿದ್ದ ಅರ್ಜಿಯ ಪುಟ ತೆರೆಯಿತು. ಇನ್ನೇನು, ಕಳಿಸುವುದೊಂದೇ ಬಾಕಿ ಎಂದು ನಾನು ಸಮಾಧಾನದ ನಿಟ್ಟುಸಿರು ಬಿಡುತ್ತಿದ್ದೆ. ಅವಳು ಗಟ್ಟಿಯಾಗಿ ಓದತೊಡಗಿದಳು.

"ಹುದ್ದೆ: ಮುಖ್ಯ ನರ್ಸ್. ಸರಿ. ಅರ್ಜಿದಾರರ ಹೆಸರು..." ನಿಲ್ಲಿಸಿದಳು. "ಇದು ನಿಮ್ಮ ಹೆಸರು."

"ಹಾಂ?"

"ಲಿಂಗ: ಗಂಡು. ಅನುಭವ: 'ಹಲವು ವರ್ಷಗಳಿಂದ ಕೀಲಿಮಣೆ ಕಲಿಸುತ್ತಿದ್ದೇನೆ. ಮೌಸ್ ಇಲ್ಲದೆ ಯಾವ ಕೆಲಸವನ್ನೂ ಮಾಡಬಲ್ಲೆ.' ವಿಶೇಷ ಪರಿಣತಿ: 'ಇನ್ನೂರು ಕಿರುದಾರಿಗಳು ಬೆರಳ ತುದಿಯಲ್ಲಿವೆ.' ರೋಗಿಗಳಿಗೆ ಇಂಜೆಕ್ಷನ್ನೂ ಕಿರುದಾರಿಯಲ್ಲೇ ಕೊಡ್ತೀರಾ?"

ಬದಲಾಯಿಸಿ ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ.

ಚುಟುಕು! ಎರಡಕ್ಷರಕ್ಕೆ ನಾನು ಮೊದಲೇ ಬರೆದಿಟ್ಟಿದ್ದು ನನ್ನ ಜಾತಕವನ್ನೇ ಅಲ್ಲವೇ. ಒತ್ತಿದಾಗಲೆಲ್ಲ ಅದು ನಿಷ್ಠೆಯಿಂದ ನನ್ನನ್ನೇ ತಂದು ಕೂರಿಸಿತ್ತು. ಮಲ್ಲಿ ಪಾಪ ಒಂದೊಂದನ್ನೂ ಓದಿ ಹೇಳಿದ್ದಳು, ಆದರೆ ಮೂರು ಪಟ್ಟು ವೇಗದಲ್ಲಿ ಹೋಗುವ ಮಾತಿನಲ್ಲಿ ನನ್ನ ಹೆಸರು ಬಂದಾಗ ನನಗೆ ಹಿತವಾಗಿ ಕೇಳಿಸಿತೇ ಹೊರತು ತಪ್ಪೆಂದು ಹೊಳೆಯಲಿಲ್ಲ. ನಾನು ಮಧ್ಯಾಹ್ನ ಕಳಿಸಿಯೇಬಿಟ್ಟಿದ್ದರೆ, ಹದಿನೇಳು ವರ್ಷ ದುಡಿದವಳ ಬದಲು ಅವಳ ಗಂಡ ಮುಖ್ಯ ನರ್ಸ್ ಹುದ್ದೆಗೆ ಉಮೇದುವಾರನಾಗುತ್ತಿದ್ದ.

"ಸರಿ ಮಾಡ್ತೀನಿ, ಒಂದೇ ನಿಮಿಷ" ಎಂದು ಕೈ ಚಾಚಿದೆ.

"ನೀವು ಏಳಿ."

"ಮೌಸ್ ಇಲ್ವಲ್ಲೇ, ನೀನು ಹೇಗೆ..."

"ಏಳಿ ಅಂದೆ."

ಎದ್ದೆ. ನನ್ನ ಕುರ್ಚಿಯಲ್ಲಿ ಅವಳು ಕೂತಳು. ನಾನು ಗೋಡೆಗೆ ಒರಗಿ ನಿಂತು ಐದು ಗಂಟೆಯಾಗುವುದನ್ನೇ ಕಾಯತೊಡಗಿದೆ. ಕಣ್ಣು ಕಾಣುವವರಿಗೆ ಮೌಸ್ ಇಲ್ಲದಿದ್ದರೆ ಕೈ ಕತ್ತರಿಸಿದ ಹಾಗೆ. ಬದಲಾಯಿಸಿ ಅಂಗಡಿಗೆ ಓಡಿ ಮೌಸ್ ತರಲೇ ಎಂದ. ಅವನ ಓಟ ಊಟದಷ್ಟೇ ನಿಧಾನವೆಂದು ಯಾರೂ ಉತ್ತರ ಕೊಡಲಿಲ್ಲ.

ಆಗ ಆ ಸದ್ದು ಕೇಳಿಸಿತು. ಕೀಲಿಗಳ ಸದ್ದು.

ಪ್ರತಿಯೊಂದು ಕೀಲಿಯ ದನಿಯೂ ನನಗೆ ಗೊತ್ತು. ಟ್ಯಾಬ್ ಸ್ವಲ್ಪ ಡೊಳ್ಳು, ಸ್ಪೇಸ್ ಸಡಿಲ, ಎಂಟರ್ ಕೆಳಗೆ ಕುಸಿದು ಏಳುತ್ತದೆ. ಟ್ಯಾಬ್, ಟ್ಯಾಬ್. ಕಂಟ್ರೋಲ್ ಹಿಡಿದು ಇನ್ನೊಂದು, ಎಲ್ಲವನ್ನೂ ಆಯುವ ಜೋಡಿ ಅದು. ಅಳಿಸಿದಳು. ಟಪಟಪ ಬರೆದಳು. ಟ್ಯಾಬ್. ಕೆಳಬಾಣ ಒಂದು ಸಲ. ಗಂಡು ಹೋಗಿ ಹೆಣ್ಣು ಬಂತು. ಶಿಫ್ಟ್ ಹಿಡಿದು ಟ್ಯಾಬ್! ಹಿಂದಕ್ಕೆ ಹೋಗುವ ಆ ಜೋಡಿಯನ್ನು ನನ್ನ ಶಿಷ್ಯರು ಕಲಿಯಲು ಎರಡು ವಾರ ತೆಗೆದುಕೊಳ್ಳುತ್ತಾರೆ. ಇವಳು ಯೋಚಿಸಲೂ ಇಲ್ಲ. ಎಲ್ಲೂ ತಡವರಿಸಲಿಲ್ಲ, ಒಂದು ಕೀಲಿ ಹೆಚ್ಚಿಗೆ ಒತ್ತಲಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ.

ಕೊನೆಗೆ ಸ್ಪೇಸ್. ಒಂದೇ ಸಲ.

"ಹೋಯ್ತು. 'ನಿಮ್ಮ ಅರ್ಜಿ ತಲುಪಿದೆ' ಅಂತ ಬಂತು" ಎಂದಳು. ಐದಕ್ಕೆ ನಾಲ್ಕು ನಿಮಿಷ ಇತ್ತು.

ಬದಲಾಯಿಸಿ ಚಪ್ಪಾಳೆ ತಟ್ಟಿದ. ನನಗೆ ಅದೂ ತೋಚಲಿಲ್ಲ.

"ನಿನಗೆ... ಇದನ್ನೆಲ್ಲ ಯಾರು ಕಲಿಸಿದ್ರು?"

"ಇನ್ಯಾರು? ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಂಜೆ ಗಂಟಲು ಹರ್ಕೊಂಡು ಪಾಠ ಮಾಡ್ತೀರಲ್ಲ, ಗೋಡೆಯಾಚೆ ಅಡುಗೆ ಮಾಡ್ತಾ ಕೇಳಿಸ್ಕೊಳ್ತಿದ್ದೆ. ನಿಮ್ಮದು ಎಷ್ಟು ಸಂತೋಷದ ದನಿ ಅಂದ್ರೆ, ಕೇಳ್ಬೇಕು ಅನ್ಸುತ್ತೆ."

ಇಷ್ಟು ವರ್ಷ ಮೂವತ್ತೊಂದು ಜನ ಶಿಷ್ಯರ ಹಾಜರಿ ಕೂಗಿದ್ದೆ. ಒಂದು ದಿನವೂ ತಪ್ಪಿಸಿಕೊಳ್ಳದೆ ಗೋಡೆಯ ಆಚೆ ನಿಂತು ಕೇಳಿದ ಮೂವತ್ತೆರಡನೆಯವಳ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮನಸ್ಸಿಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ. ಸೋತವನು ಕೊನೆಯ ಕಡ್ಡಿ ಹಿಡಿದ ಹಾಗೆ ಕೇಳಿದೆ.

"ಹಂಗಾದ್ರೆ ನಿನ್ನೆಯ ಪಾಠನೂ ಕೇಳಿರ್ಬೇಕಲ್ವಾ? ಮುಸುಕು ಅಂತ ಬೆಳಗ್ಗೇನೇ ಯಾಕೆ ಹೊಳೀಲಿಲ್ಲ ನಿನಗೆ?"

"ಅದೇ ಹೊತ್ತಿಗೆ ಮಿಕ್ಸಿ ಹಾಕಿದ್ದೆ" ಎಂದಳು. "ಇನ್ಮೇಲೆ ಹೊಸ ಕೀಲಿ ಕಲಿಸೋ ಮುಂಚೆ ಮಿಕ್ಸಿ ನಿಂತಿದೆಯಾ ಅಂತ ಕೇಳ್ಕೊಳಿ. ಮನೇಲಿ ಒಬ್ಬರಾದ್ರೂ ನೆನಪಿಟ್ಕೊಂಡಿರ್ಲಿ."

ಆ ಸಂಜೆ ಎಲ್ಲ ಶಿಷ್ಯರಿಗೂ ಕರೆ ಮಾಡಿ ಮುಸುಕು ತೆಗೆಸಿದೆ. ಮೂವರು ಹೊಸ ಮಾನಿಟರ್ ನೋಡಲು ಅಂಗಡಿಯಲ್ಲಿ ನಿಂತಿದ್ದರು. ಒಬ್ಬರ ತಮ್ಮ ತನ್ನ ದೃಷ್ಟಿಯೇ ಹೋಯಿತೆಂದು ಕಣ್ಣಿನ ಡಾಕ್ಟರ ಬಾಗಿಲು ಕಾಯುತ್ತಿದ್ದನಂತೆ. ತಂತಿ ಮಾಸ್ತರರು ಮಾತ್ರ ದನಿ ತಗ್ಗಿಸಿ, "ನನ್ನದು ಹಾಗೇ ಇರ್ಲಿ ಗುರುಗಳೇ. ಕೆಟ್ಟಿದೆ ಅಂತ ಸೊಸೆಗೆ ಹೇಳ್ಬಿಟ್ಟಿದೀನಿ. ಎಷ್ಟೋ ವರ್ಷದ ಮೇಲೆ ಇವತ್ತು ನೆಮ್ಮದಿಯಾಗಿ ಪತ್ರ ಬರೆದೆ" ಎಂದರು.

ನನ್ನಾಕೆ ಈಗ ಮುಖ್ಯ ನರ್ಸ್. ಸಂದರ್ಶನದಲ್ಲಿ ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದರಂತೆ. ಕೋಣೆಯ ಮೂಲೆಯಲ್ಲಿದ್ದ ಯಂತ್ರದಲ್ಲಿ ಮೌಸ್ ಮುಟ್ಟದೆ ಇಡೀ ವಾರ್ಡಿನ ಪಟ್ಟಿ ತೆಗೆದು ತೋರಿಸಿದಳಂತೆ. ನಾನು ಮಲ್ಲಿಯ ವೇಗವನ್ನು ಎರಡು ಪಟ್ಟಿಗೆ ಇಳಿಸಿದ್ದೇನೆ. ಯಾವ ಪಾಠ ಶುರು ಮಾಡಿದರೂ ಮೊದಲು ಅಡುಗೆಮನೆಯ ಕಡೆ ತಿರುಗಿ, "ಮಿಕ್ಸಿ ನಿಂತಿದೆಯಾ?" ಎಂದು ಕೂಗಿ, "ನಿಂತಿದೆ, ಒತ್ತಿ" ಎಂಬ ಅಪ್ಪಣೆ ಬಂದ ಮೇಲೆಯೇ ಮುಂದುವರಿಯುತ್ತೇನೆ.

ಹೋದ ವಾರ ತಂತಿ ಮಾಸ್ತರರ ಸೊಸೆ ಫೋನ್ ಮಾಡಿದ್ದಳು. "ಸಾರ್, ಒಂದು ಸಂಶಯ. ನಮ್ಮ ಮಾವ ಕಂಪ್ಯೂಟರ್ ಮುಂದೆ ಕೂತು ಯಾವ ಕೀಲಿ ಒತ್ತೋ ಮುಂಚೆನೂ, ಮಿಕ್ಸಿ ನಿಂತಿದೆಯಾ, ಮಿಕ್ಸಿ ನಿಂತಿದೆಯಾ ಅಂತ ಕೂಗ್ತಾರೆ. ಕೇಳಿದ್ರೆ, ಗುರುಗಳು ಹಾಗೇ ಮಾಡ್ತಾರೆ, ಅದಿಲ್ದೆ ಕಂಪ್ಯೂಟರ್ ಕೆಲಸ ಮಾಡಲ್ಲ ಅಂತಾರೆ. ನಿಜವಾ ಸಾರ್? ನಮ್ಮನೇಲಿ ಮಿಕ್ಸಿನೇ ಇಲ್ಲ!"

ಫೋನನ್ನು ಮುಖ್ಯ ನರ್ಸ್ ಕೈಗೆ ಕೊಟ್ಟೆ.